ಬಾಗಿಲು ಬದಲಾಯಿಸಿದವರ ಹೊಣೆ

ಕನ್ನಡ ಸಂಘವೊಂದು ತನ್ನ ವೆಬ್ ಸೈಟನ್ನು ಹೊಸದಾಗಿ ಮಾಡಿಸಿತೆಂದರೆ ಅದರ ವಿಮರ್ಶೆ ನಡೆಯುವುದು ಮುಂದಿನ ಹಬ್ಬದ ಊಟದ ಸಾಲಿನಲ್ಲಿ. ತಟ್ಟೆ ಹಿಡಿದು ಬಿಸಿಬೇಳೆ ಬಾತಿಗೆ ಕಾಯುತ್ತಿರುವಾಗ "ಹಳೇದೇ ಚೆನ್ನಾಗಿತ್ತು ಕಣ್ರೀ" ಎಂದು ಯಾರೋ ಶುರು ಮಾಡುತ್ತಾರೆ. ಮೊಸರನ್ನದ ಹೊತ್ತಿಗೆ ಬಣ್ಣ, ಅಕ್ಷರದ ಗಾತ್ರ, ಕಾಣೆಯಾದ ಫೋಟೋ ಆಲ್ಬಮ್ ಎಲ್ಲವೂ ಚರ್ಚೆಗೆ ಬಂದಿರುತ್ತವೆ. ಎಡಿಸನ್ನಿನಲ್ಲಾಗಲಿ ಕ್ವೀನ್ಸಿನಲ್ಲಾಗಲಿ ಮಾತು ಹೆಚ್ಚು ಕಡಿಮೆ ಇದೇ. ನಮ್ಮಲ್ಲಿ ಅನೇಕರಿಗೆ ಸಾಫ್ಟ್‌ವೇರ್ ಕೆಲಸವೇ ಅನ್ನ. ಕಚೇರಿಯಲ್ಲಿ ಬೇರೆಯವರ ಮೇಲೆ ಬದಲಾವಣೆಯನ್ನು ಹೇರುವ ನಾವೇ ನಮ್ಮ ಕೂಟದ ಬದಲಾವಣೆಗೆ ಗೊಣಗುತ್ತೇವೆ ಎನ್ನುವುದು ಸ್ವಲ್ಪ ತಮಾಷೆಯ ವಿಷಯವೇ.

ಆದರೆ ಈ ಗೊಣಗಾಟವನ್ನು ನಕ್ಕು ತಳ್ಳಿಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಎಲ್ಲರಿಗೂ ಸೇರಿದ ಜಾಗದ ಬಾಗಿಲನ್ನು ಕೆಲವರು ಬದಲಾಯಿಸಿದಾಗ, ಒಳಗೆ ಬರಲಾರದೆ ಉಳಿದವರ ಹೊಣೆ ಯಾರದು? ಬದಲಾವಣೆ ಒಳ್ಳೆಯದಾಗಿದ್ದರೆ ಆ ಹೊಣೆ ತಾನಾಗಿಯೇ ಕಳಚಿಬೀಳುತ್ತದೆಯೇ?

ಹೊರಗಿನ ಪ್ರಪಂಚದಲ್ಲಿ ಇಂಥ ಗೊಣಗಾಟಕ್ಕೆ ಹೆಸರಾದದ್ದು ಡಿಗ್ ಎಂಬ ತಾಣ. ಓದುಗರೇ ಸುದ್ದಿಗಳನ್ನು ತಂದು ಹಾಕಿ, ತಾವೇ ಮತ ಕೊಟ್ಟು ಮೇಲೇರಿಸುತ್ತಿದ್ದ ಜಾಗ ಅದು. 2010ರ ಆಗಸ್ಟಿನಲ್ಲಿ ಅದರ ಒಡೆಯರು ನಾಲ್ಕನೆಯ ಆವೃತ್ತಿಯೆಂದು ಇಡೀ ತಾಣವನ್ನೇ ಬದಲಿಸಿದರು. ಬೇಡದ ಸುದ್ದಿಯನ್ನು ಕೆಳಕ್ಕೆ ತಳ್ಳುವ ಗುಂಡಿ ಮಾಯವಾಯಿತು. ಸಿಟ್ಟಿಗೆದ್ದ ಓದುಗರು ಪ್ರತಿಸ್ಪರ್ಧಿಯಾದ ರೆಡ್ಡಿಟ್‌ನ ಸುದ್ದಿಗಳಿಗೇ ಮತ ಕೊಟ್ಟು ಡಿಗ್‌ನ ಮುಖಪುಟವನ್ನು ತುಂಬಿಸಿದರು. ಆಮೇಲೆ ಬಹಳ ಜನ ಅಲ್ಲಿಗೇ ಗುಳೆ ಹೋದರು. 2012ರಲ್ಲಿ ನಮ್ಮ ನ್ಯೂಯಾರ್ಕಿನದೇ ಆದ ಬೀಟಾವರ್ಕ್ಸ್ ಸಂಸ್ಥೆ ಅದನ್ನು ಕೊಂಡಾಗ ವರದಿಯಾದ ಬೆಲೆ ಸುಮಾರು ಐದು ಲಕ್ಷ ಡಾಲರು. ಈಗ ಎಡಿಸನ್ನಿನಲ್ಲಿ ಅಷ್ಟಕ್ಕೆ ಒಂದು ಒಳ್ಳೆಯ ಮನೆ ಸಿಗುವುದೂ ಕಷ್ಟ.

ಈ ಕಥೆಯನ್ನು ಎಲ್ಲರೂ ಒಂದು ಪಾಠವೆಂಬಂತೆ ಹೇಳುತ್ತಾರೆ. ನಮಗೆ ಅದರಲ್ಲಿ ಕಾಣುವುದು ಬೇರೆ. ಡಿಗ್‌ನ ಓದುಗರ ಕೂಗು ಕೇಳಿಸಿತು, ಏಕೆಂದರೆ ಅವರು ಒಳಗೆ ನಿಂತು ಕೂಗಿದರು. ಅವರಿಗೆ ಬಾಗಿಲು ತೆರೆದಿತ್ತು. ಒಳಗಿನ ಅಲಂಕಾರ, ಒಳಗಿನ ಅಧಿಕಾರ ಹಿಡಿಸಲಿಲ್ಲ, ಅಷ್ಟೆ. ಹೋಗಲು ಇನ್ನೊಂದು ಮನೆಯೂ ಇತ್ತು. ಬಾಗಿಲೇ ತೆರೆಯದವರ ಮಾತು ಹಾಗಲ್ಲ. ಅವರ ದೂರನ್ನು ಬರೆದುಕೊಳ್ಳುವ ಪುಸ್ತಕ ಇರುವುದೂ ಆ ಮುಚ್ಚಿದ ಬಾಗಿಲಿನ ಒಳಗೇ. ಆದ್ದರಿಂದ "ನಾಲ್ಕೇ ನಾಲ್ಕು ದೂರು ಬಂದವು" ಎಂದು ಸಮಿತಿಯೊಂದು ಸಮಾಧಾನಪಟ್ಟುಕೊಂಡರೆ ಆ ಲೆಕ್ಕವನ್ನು ನಂಬುವುದು ಕಷ್ಟ.

ನಾವು ಬಲ್ಲ ಹಿರಿಯ ಮಹಿಳೆಯೊಬ್ಬರ ಅನುಭವ ಇದು. ಮಗ ಹೊಸದು ಕೊಂಡಾಗ ಅಮ್ಮನಿಗೆ ದಾಟಿಸಿದ ಹಳೆಯ ಟ್ಯಾಬ್ಲೆಟ್ ಅವರದು. ರಾಜ್ಯೋತ್ಸವದ ಟಿಕೆಟ್ ಕೊಳ್ಳಲು ಹೋದರೆ ಸಂಘದ ಹೊಸ ಸೈಟ್ ಬರೀ ಬಿಳಿ ಹಾಳೆಯಾಗಿ ಕಾಣಿಸಿತು. ಫೋನ್ ಮಾಡಿದರು. "ಆಂಟಿ, ಬ್ರೌಸರ್ ಅಪ್‌ಡೇಟ್ ಮಾಡ್ಕೊಳ್ಳಿ, ಸರಿ ಹೋಗತ್ತೆ" ಎಂದು ಸಮಿತಿಯ ಹುಡುಗ ವಿನಯದಿಂದಲೇ ಹೇಳಿದ. ಅವರು ಹುಡುಕಿ, ಒತ್ತಿ ನೋಡಿದರು. ನಿಮ್ಮಲ್ಲಿರುವುದೇ ಇತ್ತೀಚಿನದು ಎಂದು ಯಂತ್ರ ಹೇಳಿತು! ಅದು ಸುಳ್ಳೂ ಅಲ್ಲ. ಆ ಯಂತ್ರಕ್ಕೆ ಅದರ ತಯಾರಕರು ಕೊಟ್ಟ ಕೊನೆಯ ಆವೃತ್ತಿ ಅದೇ. "ಅಲ್ಲಪ್ಪಾ, ಅದು ಸರಿಯಾಗಿದೆ ಅನ್ನತ್ತೆ, ನೀನು ಹಳೇದು ಅಂತೀಯ, ನಾನು ಯಾರ ಮಾತು ಕೇಳಲಿ?" ಎಂದು ಅವರು ಕೇಳಿದ್ದಕ್ಕೆ ಹುಡುಗನ ಬಳಿ ಉತ್ತರವಿರಲಿಲ್ಲ. ಆ ವರ್ಷ ಅವರು ಕಾರ್ಯಕ್ರಮಕ್ಕೆ ಬರಲಿಲ್ಲ. ಮಗನನ್ನು ಕೇಳಬಹುದಿತ್ತಲ್ಲ ಎನ್ನುವವರು ಇದ್ದಾರೆ. ಸಂಘದ ಸದಸ್ಯತ್ವ ಅವರ ಹೆಸರಿನಲ್ಲಿದೆ, ಮಗನ ಹೆಸರಿನಲ್ಲಲ್ಲ.

"ಅಪ್‌ಡೇಟ್ ಮಾಡ್ಕೊಳ್ಳಿ" ಎನ್ನುವುದು ಸಲಹೆಯಂತೆ ಕೇಳಿಸುತ್ತದೆ. ಸ್ವಲ್ಪ ಯೋಚಿಸಿದರೆ, ಬದಲಾಯಿಸಿದವರ ಖರ್ಚನ್ನು ಬದಲಾಗಲಾರದವರ ಖಾತೆಗೆ ಬರೆಯುವ ಮಾತು ಅದು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತೇವಲ್ಲ, ಹಾಗೆ ಎಲ್ಲರೂ ಇಂದಲ್ಲ ನಾಳೆ ಬಂದೇ ಬರುತ್ತಾರೆಂಬ ಭರವಸೆ ಅದರೊಳಗಿದೆ. ಗಾದೆ ಸರಿಯೇ. ಆದರೆ ಬಾವಿಯನ್ನು ರಾತ್ರೋರಾತ್ರಿ ಊರಾಚೆಗೆ ಒಯ್ದವರು ಆ ಗಾದೆ ಹೇಳಬಾರದು.

ನಮ್ಮ ಕನ್ನಡವೂ ಇದೇ ದಾರಿಯಲ್ಲಿ ನಡೆದುಬಂದಿದೆ. ಯು. ಬಿ. ಪವನಜ ಅವರು 1996ರಲ್ಲಿ ವಿಶ್ವಕನ್ನಡ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇಲ್ಲಿ ಕೂತು ಗಣಕಯಂತ್ರದಲ್ಲಿ ಕನ್ನಡ ಅಕ್ಷರವನ್ನು ಮೊದಲ ಸಲ ನೋಡಿದ ಸಂತೋಷ ಹಲವರಿಗೆ ಇನ್ನೂ ನೆನಪಿರಬಹುದು. ಆಗಿನ ಅಕ್ಷರಗಳೆಲ್ಲ ಒಂದು ಬಗೆಯ ವೇಷ: ಯಂತ್ರದ ಮಟ್ಟಿಗೆ ಅವು ರೋಮನ್ ಅಕ್ಷರ ಹಾಗೂ ಚಿಹ್ನೆಗಳೇ, ಮೇಲೆ ತೊಡಿಸಿದ ಫಾಂಟಿನಿಂದ ಮಾತ್ರ ಕನ್ನಡ. ಫಾಂಟ್ ಇಲ್ಲದ ಮನೆಯಲ್ಲಿ ವೇಷ ಕಳಚುತ್ತಿತ್ತು. ಆ ಪದ್ಧತಿಯಲ್ಲಿ ಬರೆದ "ಕನ್ನಡ" ಎಂಬ ಪದವೇ, ಫಾಂಟ್ ಇಲ್ಲದಿದ್ದರೆ, ನಡುವೆ ಇಂಗ್ಲೆಂಡಿನ ಪೌಂಡ್ ಗುರುತೊಂದನ್ನು ಇಟ್ಟುಕೊಂಡು ಕಾಣಿಸುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಮನೆಯ ಕಂಪ್ಯೂಟರಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಎನ್ನಬಹುದು. ಅದರಲ್ಲೂ ಸಾಮಾನ್ಯವಾಗಿ ಸಿಡಿ ಹಾಕಿ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ವಿಂಡೋಸ್ 98 ಇದ್ದವರಿಗೆ ಯೂನಿಕೋಡಿಗೆ ಬದಲಾದ ತಾಣ ತೆರೆದರೆ ಸಾಲು ಸಾಲು ಚೌಕಗಳು. ಕೆಲವು ಕಡೆ ಅಕ್ಷರ ಬಂದರೂ ಒತ್ತಕ್ಷರ ಒಡೆದು, ಓದುವಾಗ ಕಲ್ಲು ಕಡಿದಂತಾಗುತ್ತಿತ್ತು. "ಇದ್ದದ್ದು ಚೆನ್ನಾಗಿ ಕಾಣುತ್ತಿತ್ತು, ಯಾಕೆ ಕೆಡಿಸಿದಿರಿ?" ಎಂದು ಕೇಳಿದವರು ಕಡಿಮೆಯೇನಲ್ಲ.

ಯಾರು ಸರಿ? ಯೂನಿಕೋಡ್ ಬೇಕೆಂದವರೇ ಸರಿ ಎನ್ನುವುದರಲ್ಲಿ ಈಗ ಅನುಮಾನವಿಲ್ಲ. ಅದಿಲ್ಲದೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇರುತ್ತಿರಲಿಲ್ಲ, ಕನ್ನಡದಲ್ಲಿ ಹುಡುಕುವುದು ಆಗುತ್ತಿರಲಿಲ್ಲ, ಊರಿನ ಅಜ್ಜಿಗೆ ಇಲ್ಲಿಂದ ಮೊಮ್ಮಗಳು ಫೋನಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯುವುದೂ ಆಗುತ್ತಿರಲಿಲ್ಲ. ಆದರೆ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಇಂಟರ್‌ನೆಟ್ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವನಿಗೆ, ಅಂಗಡಿಯವನ ಯಂತ್ರಕ್ಕೆ ಸಿಡಿ ಹಾಕಿ ಬದಲಿಸುವ ಅಧಿಕಾರ ಎಲ್ಲಿತ್ತು? ಅವನಿಗೆ ಕಂಡ ಚೌಕಗಳು ಅವನ ಸೋಮಾರಿತನದ ಫಲವಲ್ಲ. ವಾದದಲ್ಲಿ ಗೆದ್ದವರು ಆ ಮನುಷ್ಯನಿಗೆ ಉತ್ತರ ಕೊಟ್ಟಂತಾಗಲಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಎನ್ನುವುದೇ ನಮ್ಮ ಮುಖ್ಯ ಮಾತು. ಅಭ್ಯಾಸ ತಪ್ಪಿದ್ದಕ್ಕೆ ಗೊಣಗುವವರು, ದಾರಿಯೇ ತಪ್ಪಿ ಹೊರಗುಳಿದವರು, ಇಬ್ಬರೂ "ಹಳೇದೇ ಚೆನ್ನಾಗಿತ್ತು" ಎಂಬ ಒಂದೇ ಮಾತು ಆಡುತ್ತಾರೆ. ಮೊದಲನೆಯವರಿಗೆ ಆರು ತಿಂಗಳಲ್ಲಿ ರೂಢಿಯಾಗುತ್ತದೆ. ಎರಡನೆಯವರಿಗೆ ಆರು ವರ್ಷವಾದರೂ ಆಗದು.

ಹಾಗೆಂದು ಹಳೆಯ ಬಾಗಿಲನ್ನು ಎಂದೆಂದಿಗೂ ತೆರೆದಿಡಬೇಕೆಂದು ನಾವು ಹೇಳುತ್ತಿಲ್ಲ. ಮೈಕ್ರೋಸಾಫ್ಟಿನವರೇ 2011ರಲ್ಲಿ ತಮ್ಮ ಎಕ್ಸ್‌ಪ್ಲೋರರ್ 6ನ್ನು ಬಿಟ್ಟುಬಿಡಿ ಎಂದು ಪ್ರಚಾರ ಮಾಡಬೇಕಾಯಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೇ ನಿವೃತ್ತಿಯಾಯಿತು. ತಯಾರಕರು ಕೈಬಿಟ್ಟ ಬ್ರೌಸರಿನಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆ ಹಾಕುವುದು ಬೀಗವಿಲ್ಲದ ಮನೆಯಲ್ಲಿ ಒಡವೆ ಇಟ್ಟಂತೆ. ಮೇಲಾಗಿ ನಮ್ಮ ಸಂಘಗಳನ್ನು ನಡೆಸುವವರು ಕೆಲಸ, ಮಕ್ಕಳು, ಪಾರ್ಕ್‌ವೇ ಟ್ರಾಫಿಕ್ಕು ಎಲ್ಲ ಮುಗಿಸಿ ರಾತ್ರಿ ಹತ್ತರ ಮೇಲೆ ಕೂರುವ ಸ್ವಯಂಸೇವಕರು. ಅವರಿಂದ ಎರಡೆರಡು ಸೈಟ್ ಕೇಳುವುದು ಅನ್ಯಾಯ.

ಕೇಳಬಹುದಾದದ್ದು ಬೇರೊಂದಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ತಾಣಗಳಿಗೆ ಸುರಕ್ಷತೆಯ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. 2021ರಲ್ಲಿ ಅದರ ವ್ಯವಸ್ಥೆ ಬದಲಾದಾಗ ಹಳೆಯ ಆಂಡ್ರಾಯ್ಡ್ ಫೋನುಗಳು ಅಂಥ ತಾಣಗಳನ್ನು ನಂಬದೆ ಹೋಗುವ ಪರಿಸ್ಥಿತಿ ಇತ್ತು. ಬಳಕೆಯಲ್ಲಿದ್ದ ಆಂಡ್ರಾಯ್ಡ್ ಯಂತ್ರಗಳಲ್ಲಿ ಅವು ಹೆಚ್ಚು ಕಡಿಮೆ ಮೂರರಲ್ಲಿ ಒಂದು. 2020ರ ನವೆಂಬರಿನಲ್ಲಿ ಅವರು ಇದನ್ನು ಮುಂಚಿತವಾಗಿಯೇ ತಿಳಿಸಿದರು. ಅಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಹಳೆಯ ಫೋನುಗಳು ಮೊದಲೇ ನಂಬುತ್ತಿದ್ದ ಇನ್ನೊಂದು ಸಂಸ್ಥೆಯೊಡನೆ ಮಾತಾಡಿ ಮೂರು ವರ್ಷಕ್ಕೆ ಸಾಕಾಗುವ ಹೊಸ ಸಹಿಯೊಂದನ್ನು ಡಿಸೆಂಬರಿನಲ್ಲೇ ಹೊಂದಿಸಿದರು. ಕೊಟ್ಟದ್ದು ಮೂರೇ ವರ್ಷದ ಗಡುವು. ಆದರೆ ಯಾರ ಫೋನ್ ಹಳೆಯದೋ ಅವರು ತಿಳಿಯದೆಯೇ ಅವರ ಕೆಲಸ ನಡೆಯಿತು, ಓಡಾಡಿದವರು ಬದಲಾಯಿಸಿದವರು.

ಸಂಘದ ಮಟ್ಟದಲ್ಲಿ ಇದಕ್ಕೆ ಅಷ್ಟು ದೊಡ್ಡ ವಿದ್ಯೆಯೂ ಬೇಡ. ಒಂದು ವರ್ಷ ಚೆಕ್ಕನ್ನೂ ತೆಗೆದುಕೊಳ್ಳುವುದು, ಫೋನಿನಲ್ಲಿ ಹೆಸರು ಬರೆದುಕೊಳ್ಳುವುದು, ಬಾಗಿಲ ಬಳಿ "ಸೈಟಿನಲ್ಲಿ ಯಾಕೆ ಮಾಡಲಿಲ್ಲ" ಎಂದು ಕೇಳದಿರುವುದು. ದೂರು ಕೊಡದೆ ಸುಮ್ಮನೆ ಬರುವುದು ಬಿಟ್ಟವರ ಪಟ್ಟಿಯನ್ನು ವರ್ಷಕ್ಕೊಮ್ಮೆ ಯಾರಾದರೂ ಓದಿ ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಜೆರಾಕ್ಸ್ ಮಾಡಿ ಅಂಚೆಗೆ ಹಾಕುವ ಈ ಪತ್ರಿಕೆಗೆ ಸದ್ಯಕ್ಕೆ ಯಾವ ಬ್ರೌಸರೂ ಬೇಕಿಲ್ಲ, ಕನ್ನಡಕ ಒಂದಿದ್ದರೆ ಸಾಕು.

ಇನ್ನು ದೂರನ್ನೇ ಹೇಳಲಾರದವರು ಕೆಲವರಿದ್ದಾರೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲಿನ ಕನ್ನಡಿಗರು ಸ್ಮರಣ ಸಂಚಿಕೆಗಳಿಗೆಂದು ಬರೆದ ಕಥೆ, ಕವನ, ಊರಿನ ನೆನಪುಗಳು ಹಳೆಯ ಫಾಂಟುಗಳಲ್ಲೇ ಫ್ಲಾಪಿ, ಸಿಡಿಗಳಲ್ಲಿ ಉಳಿದುಕೊಂಡಿವೆ. ಈಗ ತೆರೆದರೆ ಆ ಪೌಂಡ್ ಗುರುತುಗಳು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಅರ್ಕಾವೊತ್ತು ಅಲ್ಲಲ್ಲಿ ಕೈಕೊಡುತ್ತದೆ, ಒಮ್ಮೆ ಕೂತು ತಿದ್ದಬೇಕಾಗುತ್ತದೆ. ಬರೆದವರಲ್ಲಿ ಹಲವರು ಈಗ ನಮ್ಮೊಡನಿಲ್ಲ. ಮನೆಯ ಬೇಸ್‌ಮೆಂಟಿನ ಪೆಟ್ಟಿಗೆಗಳಲ್ಲಿ ಅಂಥವು ಸಿಕ್ಕಿದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಪಿಕ್ನಿಕ್ಕಿಗೆ ಬರುವಾಗ ಜೊತೆಗೆ ತನ್ನಿ, ಫ್ಲಾಪಿ ಓದುವ ಡ್ರೈವ್ ಒಂದು ನಮ್ಮಲ್ಲಿದೆ.