ಪರ್ಯಾಯಪದಗಳೂ ಅರ್ಥಗ್ರಹಣವೂ

ಹೊಳಲ್ಕೆರೆ ಸೀಮೆಯ ರಾಮಗಿರಿಯಲ್ಲಿ ಪರೀಕ್ಷಾರ್ಥಿಯಾದ ತರುಣನೊಬ್ಬನು ಬ್ರೇವ್, ವ್ಯಾಲಿಯಂಟ್, ಇಂಟ್ರೆಪಿಡ್ ಎಂದು ಇಂಗ್ಲಿಷಿನ ಪರ್ಯಾಯಪದಗಳನ್ನು ಸಾಲುಸಾಲಾಗಿ ಬಾಯಿಪಾಠ ಮಾಡುತ್ತಿದ್ದರೆ ಅದನ್ನು ಕೇಳಿ ನಗುವವರುಂಟು; ಆದರೆ ಅಮರಸಿಂಹನ ನಾಮಲಿಂಗಾನುಶಾಸನವನ್ನು, ಎಂದರೆ ಅಮರಕೋಶವನ್ನು, ಅರ್ಥವರಿಯುವ ಮುನ್ನವೇ ಕಂಠಸ್ಥ ಮಾಡಿಕೊಂಡವರ ಸಂತತಿಯವರಾದ ನಮಗೆ ಆ ನಗೆಯು ಶೋಭಿಸದು. ಯಾಸ್ಕನು ವ್ಯಾಖ್ಯಾನಿಸಿದ ವೈದಿಕ ನಿಘಂಟುವು ಪೃಥಿವಿಯ 21 ಹೆಸರುಗಳಿಂದಲೇ ಮೊದಲಾಗುತ್ತದೆ. 1852ರಲ್ಲಿ ಥೆಸಾರಸ್ಸನ್ನು ಪ್ರಕಟಿಸಿದ ರೋಜೆಯೂ, ಭಾವಾನುಸಾರವಾಗಿ ಪದಗಳನ್ನು ವಿಂಗಡಿಸಿದ ಪೂರ್ವಕೃತಿಗಳಲ್ಲಿ ತಾನು ಬಲ್ಲ ಅತ್ಯಂತ ಪ್ರಾಚೀನವಾದುದೆಂದು ಪೀಠಿಕೆಯಲ್ಲಿ ಹೆಸರಿಸಿದುದು ಅಮರಕೋಶವನ್ನೇ.

ಆದರೂ ತತ್ತ್ವಜಿಜ್ಞಾಸುವನ್ನು ಕಾಡುವ ಪ್ರಶ್ನೆಯೊಂದು ಉಳಿದೇ ಇದೆ: ಪದವನ್ನು ಪದದಿಂದಲೇ ವಿವರಿಸುತ್ತ ಹೋದರೆ ಅರ್ಥವು ಎಲ್ಲಿಂದ ಬಂದೀತು? ಬ್ರೇವ್ ಎಂದರೆ ವ್ಯಾಲಿಯಂಟ್, ವ್ಯಾಲಿಯಂಟ್ ಎಂದರೆ ಬ್ರೇವ್ ಎಂಬಲ್ಲಿಗೆ ಅನ್ಯೋನ್ಯಾಶ್ರಯ. ಮೂರನೆಯದು ಸೇರಿ ಮೊದಲಿನದಕ್ಕೇ ಮರಳಿದರೆ ಚಕ್ರಕ. ಹೊಸಹೊಸದನ್ನು ಕರೆಯುತ್ತಲೇ ಇದ್ದರೆ ಅನವಸ್ಥೆ. ನೈಯಾಯಿಕರು ಶಬ್ದಶಕ್ತಿಯನ್ನು ಅರಿಯಲು ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣ, ಸಿದ್ಧಪದಸಾನ್ನಿಧ್ಯಗಳೆಂದು ಎಂಟು ಉಪಾಯಗಳನ್ನು ಎಣಿಸಿ, ಮೂಲಸ್ಥಾನವನ್ನು ವೃದ್ಧವ್ಯವಹಾರಕ್ಕೆ ಕೊಟ್ಟರು. ಹಿರಿಯನೊಬ್ಬನು 'ಹಸುವನ್ನು ತಾ' ಎನ್ನಲು ಮತ್ತೊಬ್ಬನು ತರುವುದನ್ನೂ, 'ಹಸುವನ್ನು ಕಟ್ಟು' ಎನ್ನಲು ಕಟ್ಟುವುದನ್ನೂ ನೋಡುತ್ತ ನಿಂತ ಬಾಲಕನು ಯಾವ ಪದಕ್ಕೆ ಯಾವ ಅರ್ಥವೆಂಬುದನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಅಡಕೆಯ ಅಂಗಳದಲ್ಲಿ ಬೆಳೆದ ಹುಡುಗನು ರಾಶಿ, ಬೆಟ್ಟೆ, ಗೊರಬಲುಗಳ ಭೇದವನ್ನು ಕಲಿತದ್ದೂ ಹೀಗೆಯೇ. ಇಂಗ್ಲಿಷಿಗಾದರೋ ಅವನಿಗೆ ಅಂತಹ ಅಂಗಳವಿಲ್ಲ. ಕೋಶ ಮತ್ತು ವಿವರಣಗಳೆರಡೇ ಅವನ ಪಾಲಿಗೆ ಉಳಿದಂತೆ ತೋರುತ್ತದೆ.

ಪರಭಾಷೆಯ ಪದದ ಈ ತೊಡಕು ಮೀಮಾಂಸಕರಿಗೆ ವೇದದ ಒಳಗೇ ಎದುರಾಗಿತ್ತು. ಪಿಕ, ನೇಮ, ತಾಮರಸ ಮೊದಲಾದ ಪದಗಳು ವೇದದಲ್ಲಿವೆ. ಆರ್ಯರ ಬಳಕೆಯಲ್ಲಿ ಅವುಗಳ ಅರ್ಥ ಪ್ರಸಿದ್ಧವಲ್ಲ, ಮ್ಲೇಚ್ಛರ ಬಳಕೆಯಲ್ಲಿ ಪ್ರಸಿದ್ಧ. ಧಾತುಗಳಿಂದ ಅರ್ಥವನ್ನು ಕಲ್ಪಿಸಬೇಕೋ, ಮ್ಲೇಚ್ಛರನ್ನು ಕೇಳಿ ತಿಳಿಯಬೇಕೋ? ಮೀಮಾಂಸಾಭಾಷ್ಯಕಾರನಾದ ಶಬರಸ್ವಾಮಿಯು ಎರಡನೆಯದನ್ನೇ ಸಿದ್ಧಾಂತವಾಗಿ ನಿಲ್ಲಿಸಿದನು: ಪಿಕವೆಂದರೆ ಕೋಗಿಲೆ, ನೇಮವೆಂದರೆ ಅರ್ಧ, ತಾಮರಸವೆಂದರೆ ತಾವರೆ. ಅಪೌರುಷೇಯವೆಂದು ತಾನು ನಂಬಿದ ಶ್ರುತಿಯ ಅರ್ಥಕ್ಕಾಗಿ ಪರಜನರ ಬಾಯನ್ನು ಪ್ರಮಾಣವೆಂದೊಪ್ಪಿದ ಈ ನಿಲುವು ನನಗೆ ಆ ಶಾಸ್ತ್ರದ ಅತ್ಯಂತ ಧೀರವಾದ ಮಾತಾಗಿ ತೋರುತ್ತದೆ. (ಮಿಕ್ಕ ವಿಷಯಗಳಲ್ಲಿ ಅದೇ ಶಾಸ್ತ್ರವು ಇಷ್ಟು ಉದಾರವಾಗಿರಲಿಲ್ಲವೆಂಬುದನ್ನು ಮರೆಯಲಾಗದು.)

ಹಾಗಾದರೆ ಊರಿನಲ್ಲಿ ಇಂಗ್ಲಿಷಿನ ವೃದ್ಧರಿಲ್ಲದ ತರುಣನಿಗೆ ಗತಿಯೇನು? ಎಂಟರಲ್ಲಿ ಕೊನೆಯದಾದ ಸಿದ್ಧಪದಸಾನ್ನಿಧ್ಯವನ್ನು ನಾವು ಲಘುವಾಗಿ ಎಣಿಸಿದ್ದೇವೆ. ಬಲ್ಲ ಪದಗಳ ನಡುವೆ ಅರಿಯದ ಪದವೊಂದು ವಾಕ್ಯದಲ್ಲಿ ನಿಂತಾಗ, ಸುತ್ತಣ ಪದಗಳೇ ಅದರ ಹರವನ್ನು ಗೊತ್ತುಪಡಿಸುತ್ತವೆ. ಗ್ರಂಥವೇ ಅಲ್ಲಿ ವೃದ್ಧನ ಸ್ಥಾನದಲ್ಲಿರುತ್ತದೆ. ಪಟ್ಟಿಯಲ್ಲಿ ಒಂದೇ ಆಗಿ ಕಂಡ ಮೂರು ಪದಗಳು ವಾಕ್ಯಗಳಲ್ಲಿ ಬೇರೆಬೇರೆಯಾಗುವುದು ಈ ಸಾನ್ನಿಧ್ಯದ ಬಲದಿಂದ.

ಇಷ್ಟಾದರೂ ಆ ಇಂಗ್ಲಿಷ್ ಪದವು ಮೊದಮೊದಲು ಕನ್ನಡದ ಪದವನ್ನು ಎಚ್ಚರಿಸಿ, ಅದರ ಮೂಲಕವೇ ಅರ್ಥವನ್ನು ಮುಟ್ಟುತ್ತದೆ. ಅಪಭ್ರಂಶಗಳು ಸಾಧುಶಬ್ದದ ಅನುಮಾನದಿಂದ ಅರ್ಥವನ್ನು ಕೊಡುತ್ತವೆಂದ ಭರ್ತೃಹರಿಯೇ, ಪರಂಪರೆಯಿಂದ ಅಪಭ್ರಂಶವು ನೆಲೆಗೊಂಡವರಿಗೆ ಸಾಧುಶಬ್ದವೇ ಅವಾಚಕವೆಂದೂ ಒಪ್ಪಿದನು. ದೇಶಭಾಷಾಶಬ್ದಗಳ ಅರ್ಥಬೋಧವು ಶಕ್ತಿಭ್ರಮದಿಂದ, ಎಂದರೆ ಇಲ್ಲದ ಶಕ್ತಿಯನ್ನು ಉಂಟೆಂದು ಭ್ರಮಿಸುವುದರಿಂದ, ಆಗುವುದೆಂದು ನೈಯಾಯಿಕರು ವಾದಿಸಿದರೆ, ಅವುಗಳಲ್ಲಿಯೂ ಶಕ್ತಿಯುಂಟೆಂದು ವೈಯಾಕರಣನಾದ ನಾಗೇಶಭಟ್ಟನು ಸಾಧಿಸಿದನು. ನಾನು ವೈಯಾಕರಣರ ಪಕ್ಷದವನು. ಏಕೆಂದರೆ ರಾಮಗಿರಿಯವನು ಮುಂದೊಂದು ದಿನ ಕನ್ನಡದ ಮಧ್ಯಸ್ಥಿಕೆಯಿಲ್ಲದೆ ಇಂಗ್ಲಿಷಿನ ವಾಕ್ಯಕ್ಕೆ ನಗುವಾಗ, ಅವನ ನಗೆಯನ್ನು ಭ್ರಮವೆನ್ನಲು ನನ್ನಲ್ಲಿ ಯಾವ ಪ್ರಮಾಣವೂ ಇರದು.