ರಕ್ತದಲ್ಲಿ ಬರುವುದೇನು?

ಗುಬ್ಬಿಯ ಛತ್ರವೊಂದರಲ್ಲಿ ಗೆಳೆಯನ ಮದುವೆ. ಓಲಗದವರು ಕೂರುವ ಜಾಗದಲ್ಲಿ ನಾಗಸ್ವರ ಕಾಣಲಿಲ್ಲ. ಒಬ್ಬರು ನಡುವಯಸ್ಸಿನವರು, ಪಕ್ಕದಲ್ಲಿ ಒಬ್ಬ ಹುಡುಗ. ಇಬ್ಬರ ಕೈಯಲ್ಲೂ ಸ್ಯಾಕ್ಸೊಫೋನ್. ಹಿರಿಯರು ಒಂದು ಸಾಲು ನುಡಿಸಿ ಬಿಟ್ಟರೆ ಹುಡುಗ ಅದನ್ನು ಎತ್ತಿಕೊಳ್ಳುತ್ತಿದ್ದ. ನನ್ನ ಜೊತೆ ಸಂಶೋಧನೆ ಮಾಡುವ ಗೆಳೆಯರೊಬ್ಬರಿಗೆ ನಮ್ಮ ತಾತ ಕುಣಿಗಲ್ ಕಡೆ ಓಲಗ ಊದುತ್ತಿದ್ದವರೆಂದು ಗೊತ್ತು. ಅವರು ನನ್ನ ಕಡೆ ಬಾಗಿ, ‘ನೀವೂ ಒಂದು ಕೈ ನೋಡಿ, ನಿಮಗೆ ರಕ್ತದಲ್ಲೇ ಬಂದಿರುತ್ತಲ್ಲ’ ಎಂದರು. ನಾನು ನಕ್ಕೆ. ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ತಾತ ತನ್ನ ಮಗನಿಗೆ, ಎಂದರೆ ನಮ್ಮಪ್ಪನಿಗೆ, ನಾಗಸ್ವರ ಕಲಿಸಲಿಲ್ಲ. ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: ‘ನಾವು ಊದದೆ ತಾಳಿ ಕಟ್ಟಂಗಿಲ್ಲ. ಆದ್ರೆ ನಮಗೆ ಎಲೆ ಹಾಕೋದು ಕೊನೇ ಪಂಕ್ತೀಲಿ.’ ಅವರ ಪಾಲಿಗೆ ಅದು ಹುಟ್ಟಿನಿಂದ ಬಂದ ವಿದ್ಯೆ. ಹುಟ್ಟಿನಿಂದ ಬಂದ ಜಾಗವೂ ಅದೇ.

‘ರಕ್ತದಲ್ಲಿದೆ’ ಎಂಬ ಮಾತು ನನ್ನನ್ನು ಕಾಡಿದಾಗಲೆಲ್ಲ ಒಂದು ಆಲ್ಬಮ್ ಕೇಳುತ್ತೇನೆ. 2008ರಲ್ಲಿ ಅಮೆರಿಕದಲ್ಲಿ ಬಂದ ಅದರ ಹೆಸರು ‘ಕಿನ್ಸ್‌ಮೆನ್’. ಬಂಧುಗಳು ಎಂದರ್ಥ. ಅದರಲ್ಲಿ ಎದುರುಬದುರಾಗಿ ನಿಂತ ಇಬ್ಬರು ಸ್ಯಾಕ್ಸೊಫೋನ್ ವಾದಕರು ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ.

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ. ತಂದೆ ನಾಗಸ್ವರ ವಿದ್ವಾಂಸರು. ಮಗನೂ ಮೊದಲು ಹಿಡಿದದ್ದು ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಮನಸ್ಸು ಅತ್ತ ಹೊರಳಿತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ರೂಪಿಸಿ, 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರ್ಧ ಮುಚ್ಚಬಹುದು, ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನ ರಂಧ್ರಗಳನ್ನು ಮುಚ್ಚುವುದು ಲೋಹದ ಕೀಲಿಗಳು. ಅದರಲ್ಲಿ ಗಮಕ ಹುಟ್ಟಬೇಕಾದರೆ ತುಟಿ, ಉಸಿರು, ಬೆರಳು ಮೂರೂ ಹೊಸದಾಗಿ ಪಳಗಬೇಕು. ಗೋಪಾಲನಾಥರು ವರ್ಷಗಟ್ಟಲೆ ಪಳಗಿಸಿದರು, ವಾದ್ಯವನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಸಂಗೀತ ಮನೆಯದು, ವಾದ್ಯ ಹೊರಗಿನದು.

ಮಹಾಂತಪ್ಪ ಅವರದು ಇದರ ತಿರುವುಮುರುವು. ತುಮಕೂರಿನ ಸಂತೆಯಲ್ಲಿ ‘ಮಹಾಂತಪ್ಪಾ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡಿಯಾರು. ಆದರೆ ಈ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಎಳವೆಯಲ್ಲಿ ಅವರ ಕಿವಿ ತುಂಬಿದ್ದು ಚಾರ್ಲಿ ಪಾರ್ಕರ್. ಸ್ಯಾಕ್ಸೊಫೋನ್ ಅವರಿಗೆ ಮನೆಯದೇ, ಜಾಝ್ ಕೂಡ. ಕರ್ನಾಟಕ ಸಂಗೀತ ಮಾತ್ರ ಹೊರಗಿನದು. ಆದರೂ ಮುಖ ಮತ್ತು ಹೆಸರು ನೋಡಿದವರು, ಇವರಿಗೆ ಭಾರತೀಯ ಸಂಗೀತ ಗೊತ್ತೇ ಇರುತ್ತದೆ ಎಂದುಕೊಳ್ಳುತ್ತಿದ್ದರು. ಒಮ್ಮೆ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಮ್ ಒಂದನ್ನು ತಂದುಕೊಟ್ಟರು. ಕೇಳಿದವರಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಅವರು ಗೋಪಾಲನಾಥರ ಬಳಿ ಬಂದರು. ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ, ಅವುಗಳ ಜೊತೆಗೆ ಗಿಟಾರ್, ಬಾಸ್, ಡ್ರಮ್ ಸೇರಿ ‘ಕಿನ್ಸ್‌ಮೆನ್’ ಆಯಿತು.

ಇಬ್ಬರ ನಾದವನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಒಬ್ಬರು ರಾಗದೊಳಗೇ ಇದ್ದು ಸ್ವರವನ್ನು ಜೀಕುತ್ತಾರೆ. ಇನ್ನೊಬ್ಬರು ಚೂಪಾಗಿ, ಒತ್ತರಿಸಿ, ರಾಗದ ಅಂಚಿನವರೆಗೆ ಹೋಗಿ ಬರುತ್ತಾರೆ. ಯಾರೂ ಇನ್ನೊಬ್ಬರಾಗಲು ಹೋಗುವುದಿಲ್ಲ. ಮಹಾಂತಪ್ಪ ‘ಇದು ನನ್ನ ಪೂರ್ವಜರದು, ಆದ್ದರಿಂದ ನನ್ನದು’ ಎಂದು ನುಡಿಸುವಂತೆ ನನಗೆ ಕೇಳಿಸುವುದಿಲ್ಲ. ಕಲಿಯಬೇಕಾದವರು ನುಡಿಸುವಂತೆ ಕೇಳಿಸುತ್ತದೆ.

‘ರಕ್ತದಲ್ಲಿದೆ’ ಎಂಬ ಮಾತಿನ ತೊಂದರೆ ಇಲ್ಲಿದೆ ಅನ್ನಿಸುತ್ತದೆ. ಅದು ಏಕಕಾಲಕ್ಕೆ ಎರಡು ಅನ್ಯಾಯ ಮಾಡುತ್ತದೆ. ಕಲಿತವರ ಬೆವರನ್ನು ಅಳಿಸಿ, ಅವರ ವರ್ಷಗಳನ್ನು ಹುಟ್ಟಿನ ಲೆಕ್ಕಕ್ಕೆ ಬರೆಯುತ್ತದೆ. ಹಾಗೆಯೇ ಹುಟ್ಟನ್ನು ಕೆಲಸಕ್ಕೆ ಗಂಟುಹಾಕುತ್ತದೆ. ವಿದೇಶದಲ್ಲಿರುವವರಿಗೆ ಅದನ್ನು ಹೇಳಿದರೆ ಪರಂಪರೆ. ನಮ್ಮ ತಾತನಿಗೆ ಹೇಳಿದರೆ ಕೊನೇ ಪಂಕ್ತಿ. ಒಂದೇ ಮಾತು ಒಬ್ಬರಿಗೆ ಹಾರವಾಗಿ ಇನ್ನೊಬ್ಬರಿಗೆ ಹಗ್ಗವಾಗುವುದಾದರೆ ಅದನ್ನು ಅನುಮಾನಿಸಲೇಬೇಕು.

ಹಾಗಾದರೆ ಹುಟ್ಟಿಗೆ ಏನೂ ಬೆಲೆಯಿಲ್ಲವೇ? ಇಲ್ಲವೆನ್ನಲಾರೆ. ಆ ಹೆಸರು ಇರದಿದ್ದರೆ ಅಣ್ಣನಿಗೆ ಆ ತಮಾಷೆ ಹೊಳೆಯುತ್ತಲೇ ಇರಲಿಲ್ಲ. ಗುಬ್ಬಿಯ ಛತ್ರದಲ್ಲಿ ಬೇರೆಯವರು ಮಾತಾಡುತ್ತ ಕೂತಿದ್ದಾಗ ನನ್ನ ಕಿವಿ ಓಲಗದ ಕಡೆ ಹೋದದ್ದೂ ಸುಮ್ಮನೆ ಅಲ್ಲ. ಹುಟ್ಟು ಒಂದು ಕರೆಯೋಲೆ ಇದ್ದ ಹಾಗೆ. ಬಂದ ಕರೆಗೆ ಹೋಗಬಹುದು, ಹೋಗದೆಯೂ ಇರಬಹುದು. ಹೋದವರು ಮೊದಲಿನಿಂದ ಕಲಿಯಬೇಕು. ಹೋಗದವರನ್ನು ಪರಂಪರೆ ಮುರಿದವರೆಂದು ಬಯ್ಯುವ ಹಕ್ಕು ಯಾರಿಗೂ ಇಲ್ಲ. ಅದರಲ್ಲೂ ಆ ಪರಂಪರೆಯನ್ನು ಕೂತು ಕೇಳಿ ಮೊದಲ ಪಂಕ್ತಿಯಲ್ಲಿ ಉಂಡವರಿಗಂತೂ ಇಲ್ಲ.

ಹಾಗಿದ್ದರೆ ಬಂಧುತ್ವ ಎಲ್ಲಿಂದ ಬರುತ್ತದೆ? ಆ ಆಲ್ಬಮಿನಲ್ಲಿ ಅದು ಬರುವುದು ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಮ್ಮನಿರುವ ಜಾಗದಿಂದ. ಸುಮ್ಮನಿರುವವರು ಕೇಳುತ್ತಿದ್ದಾರೆ ಎಂಬುದು ಅವರು ಮತ್ತೆ ಊದಲು ಶುರುಮಾಡಿದಾಗ ಗೊತ್ತಾಗುತ್ತದೆ.

ಧಾರೆ ಮುಗಿದ ಮೇಲೆ ಆ ಹಿರಿಯರನ್ನು ಮಾತಾಡಿಸಿದೆ. ಅವರ ಮನೆಯಲ್ಲಿ ಹಿಂದೆ ಯಾರೂ ಓಲಗ ಊದಿದವರಲ್ಲ. ಗೋಪಾಲನಾಥರ ಕ್ಯಾಸೆಟ್ಟುಗಳನ್ನು ಸವೆಯುವಷ್ಟು ಕೇಳಿ, ಆಮೇಲೆ ಗುರುಗಳನ್ನು ಹುಡುಕಿಕೊಂಡು ಹೋದವರು. ಹುಡುಗ ಅವರ ಮಗನೂ ಅಲ್ಲ, ಶಿಷ್ಯ. ನಮ್ಮ ತಾತನ ವಿಷಯ ಹೇಳಿದೆ. ‘ಹಂಗಾದ್ರೆ ನೀವು ನಮ್ಮೋರೇ’ ಎಂದರು. ನನಗೆ ಬಹಳ ಸಂತೋಷವಾಯಿತು.

ಊಟ ಮುಗಿಸಿ ತುಮಕೂರಿನ ಬಸ್ಸು ಹತ್ತಿದೆ. ಇಯರ್‌ಫೋನ್ ಹಾಕಿಕೊಂಡು ‘ಕಿನ್ಸ್‌ಮೆನ್’ ಕೇಳುತ್ತ, ಈ ಬರಹದ ಮೊದಲ ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಅರ್ಧ ದಾರಿ ಕಳೆದ ಮೇಲೆ ನೆನಪಾಯಿತು. ನಾನು ಉಂಡದ್ದು ಎರಡನೇ ಪಂಕ್ತಿಯಲ್ಲಿ. ಕೈ ತೊಳೆದು ಹೊರಡುವಾಗಲೂ ಅವರಿಬ್ಬರೂ ನುಡಿಸುತ್ತಲೇ ಇದ್ದರು. ಊಟ ಆಯಿತಾ ಎಂದು ನಾನು ಕೇಳಿರಲಿಲ್ಲ.