ಕಡಲು ಕೊಡದ ಹೊಳಪು

ಅಲೆ ಹಿಂದೆ ಸರಿದಾಗ ಕಾಲ ಬಳಿ ಮಿರಮಿರ ಮಿಂಚುವ ಕಲ್ಲು ಮನೆ ಸೇರುವಷ್ಟರಲ್ಲಿ ಮಂಕಾಗಿರುತ್ತದೆ. ಉಳ್ಳಾಲದ ಸೋಮೇಶ್ವರದಿಂದ ಆಯ್ದು ತಂದ ಕಲ್ಲುಗಳು ಮೈಸೂರಿನ ಹಿನಕಲ್‌ನ ನಮ್ಮ ಮನೆಯಲ್ಲಿ ಒಂದು ಬಕೆಟ್ ತುಂಬ ಇವೆ. ಚಿತ್ರದ ಹಲಗೆಗೆ ಅಂಟಿಸಲೆಂದು ತಂದವು. ನಲ್ಲಿ ಬಿಟ್ಟರೆ ಕೆಂಪು, ಹಸಿರು, ಬಿಳಿ ಗೆರೆ ಎಲ್ಲ ಎದ್ದು ಬರುತ್ತವೆ. ಬಿಸಿಲಿಗಿಟ್ಟರೆ ಮತ್ತೆ ಬೂದಿ ಬಳಿದುಕೊಂಡು ಕೂರುತ್ತವೆ.

ಬಣ್ಣವೇನೂ ಓಡಿಹೋಗಿರುವುದಿಲ್ಲ. ಕಲ್ಲಿನ ಮೈತುಂಬ ಕಣ್ಣಿಗೆ ಕಾಣದ ತಗ್ಗುದಿಣ್ಣೆ. ಅದರ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ಬಣ್ಣ ಬಿಳಿಚಿಕೊಳ್ಳುತ್ತದೆ. ನೀರು ಆ ತಗ್ಗುಗಳನ್ನು ತುಂಬಿ ಮಟ್ಟ ಮಾಡುತ್ತದೆ, ಆರುವ ತನಕ. ವಾರ್ನಿಷ್ ಬಳಿದರೂ ಆಗುವುದು ಅದೇ. ಆದರೆ ಆಮೇಲೆ ಬೆರಳಿಗೆ ಸಿಗುವುದು ಕಲ್ಲಲ್ಲ, ವಾರ್ನಿಷ್ಷು. ನನಗದು ಒಗ್ಗದು.

ನನ್ನನ್ನು ಬಿಡದೆ ಕಾಡುವ ಸೋಜಿಗ ಬೇರೆ. ಹಗಲಿರುಳು ಉಜ್ಜುವ ಕಡಲಿಗೆ ಈ ಹೊಳಪು ಯಾಕೆ ಬರಲಿಲ್ಲ? ಘಟ್ಟದ ಕಲ್ಲನ್ನು ನೇತ್ರಾವತಿ ಉರುಳಿಸಿಕೊಂಡು ಉಳ್ಳಾಲದ ತನಕ ತರುತ್ತದೆ, ಅಲ್ಲಿಂದಾಚೆಗೆ ಅಲೆಗಳ ಪಾಳಿ. ಮೂಲೆಗಳಿಗೆ ಎರಡು ಮೂರು ಕಡೆಯಿಂದ ಪೆಟ್ಟು, ಹಾಗಾಗಿ ಅವೇ ಮೊದಲು ಸವೆದು ಕಲ್ಲು ದುಂಡಗಾಗುತ್ತದೆ. ಆದರೆ ಕಲ್ಲಿಗೆ ಕಲ್ಲು ಡಿಕ್ಕಿ ಹೊಡೆಯುವುದು ನಿಲ್ಲುವುದೇ ಇಲ್ಲ. ಒಂದೊಂದು ಡಿಕ್ಕಿಗೂ ಒಂದು ಹೊಸ ಚುಕ್ಕಿಗಾಯ. ಕೈಯಿಂದ ಎಷ್ಟು ಉಜ್ಜಿದರೂ ಬಾರದ ಆ ದುಂಡನ್ನು ಕಡಲು ಕೊಟ್ಟಿದೆ. ಕಡಲಿಗೆ ಆಗದ ಹೊಳಪನ್ನು, ಸಮುದ್ರದ ಸುಳಿವೇ ಇಲ್ಲದ ಈ ಊರಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ಕೊಡಬಹುದು!

ಬೇಕಾಗುವುದು ಕಾರಿಗೆ ಪೇಂಟ್ ಮಾಡುವವರು ಬಳಸುವ ವಾಟರ್ ಪೇಪರ್. 120ನೇ ನಂಬರಿನಿಂದ ಶುರು, ಆಮೇಲೆ 400, 1000, 2000. ಸದಾ ನೀರಿನಲ್ಲೇ ಉಜ್ಜಬೇಕು, ಒಣಧೂಳು ಶ್ವಾಸಕೋಶಕ್ಕೆ ಕೇಡು. ಒಂದೊಂದು ಕಾಗದವೂ ಹಿಂದಿನದರ ಗೀರುಗಳನ್ನು ಅಳಿಸಿ ತನ್ನ ಇನ್ನೂ ಸಣ್ಣ ಗೀರುಗಳನ್ನು ಬಿಟ್ಟುಹೋಗುತ್ತದೆ. ಕೊನೆಗೆ ಸೀರಿಯಂ ಆಕ್ಸೈಡ್ ಪುಡಿ ಹಚ್ಚಿ ಚರ್ಮದ ತುಂಡಿನಲ್ಲಿ ತಿಕ್ಕಿದಾಗ, ಉಳಿದ ಗೀರುಗಳು ಬೆಳಕಿನ ಅಲೆಯ ಉದ್ದಕ್ಕಿಂತ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದು. ಗೀರು ಇದ್ದೇ ಇದೆ, ಬೆಳಕಿಗೆ ಅದು ಸಿಕ್ಕುವುದಿಲ್ಲ.

ಬೆಣಚುಕಲ್ಲು ಸತಾಯಿಸಿ ಸತಾಯಿಸಿ ಕೊನೆಗೆ ಒಲಿಯುತ್ತದೆ. ಗ್ರಾನೈಟಿನದು ಇನ್ನೊಂದು ತರಲೆ: ನಡುವಿನ ಕಾಗೆಬಂಗಾರದ ಹಕ್ಕಳೆ ಎದ್ದುಬಂದು, ಮಿಂಚುವ ಮೈಯಲ್ಲಿ ಸಾಸಿವೆಯಷ್ಟು ಕಪ್ಪು ಗುಳಿ ಉಳಿಯುತ್ತದೆ. ನಾನದನ್ನು ಮೀನಿನ ಕಣ್ಣು ಮಾಡಿಕೊಂಡದ್ದೂ ಉಂಟು.

ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸಿದ ಮೇಲೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ಚಿನ್ನಕ್ಕೂ ಕಲ್ಲೇ ಕಳೆ ತರಬೇಕು.

ಎಲ್ಲ ಕಡೆಯಿಂದಲೂ ಕಲ್ಲು ಹೆಕ್ಕುವುದು ಸಲ್ಲ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳಿಗೆ ಎಂಟು ಕೋಟಿ ವರ್ಷ ಮೀರಿದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದವು. ಅಲ್ಲಿ ಕಣ್ಣಿಗಷ್ಟೇ ಕೆಲಸ. ಸೋಮೇಶ್ವರದ್ದಾದರೂ ಜೇಬಿಗೆ ಹಿಡಿಸುವಷ್ಟು ಸಾಕಿತ್ತು, ಬಕೆಟ್ಟು ಹೆಚ್ಚಾಯಿತು ಅನ್ನಿ.

ಈಗೀಗ ಒಂದು ಮಗ್ಗುಲು ಮಾತ್ರ ಉಜ್ಜುತ್ತೇನೆ. ಇನ್ನೊಂದು ಮಗ್ಗುಲು ಅಲೆ ಬಿಟ್ಟ ಹಾಗೇ ಒರಟಾಗಿರಲಿ. ಹಲಗೆಗೆ ಅಂಟು ಗಟ್ಟಿಯಾಗಿ ಹಿಡಿಯುವುದೂ ಅದೇ ಮಗ್ಗುಲಿಗೆ.